ದಿನಕ್ಕೊಂದು ಹೋಬಳಿ



ಮಳೆಗಾಲ ಮುಗಿದು, ಗದ್ದೆಯಲ್ಲಿ ಭತ್ತ ಬಲಿತು, ಬಿಸಿಲು ಹಿತವಾಗುವ ಹೊತ್ತಿಗೆ ನಮ್ಮ ಊರುಗಳ ಸಂಘಗಳಲ್ಲಿ ಪ್ರವಾಸದ ಮಾತು ಶುರುವಾಗುತ್ತದೆ. ಮಹಿಳಾ ಸಮಾಜ, ಯುವಕ ಸಂಘ, ರೋಟರಿ, ಲಯನ್ಸ್, ನಿವೃತ್ತ ನೌಕರರ ಸಂಘ, ಎಲ್ಲದರಲ್ಲೂ ಅದೇ ಪ್ರಶ್ನೆ: ಈ ಸಲ ಎಲ್ಲಿಗೆ? ಯಾರೋ ಹಂಪಿ ಎನ್ನುತ್ತಾರೆ, ಯಾರೋ ಬೇಲೂರು ಹಳೇಬೀಡು ಎನ್ನುತ್ತಾರೆ. ಎಲ್ಲವೂ ನೋಡಲೇಬೇಕಾದ ಜಾಗಗಳೇ. ಆದರೆ ಇವತ್ತು ನಾನು ನಿಮ್ಮ ಮುಂದಿಡುವ ಬೇಡಿಕೆ ಬೇರೆ. ನಿಮ್ಮ ಸಂಘದವರೆಲ್ಲ ಸೇರಿ, ನಿಮ್ಮದೇ ಕಾರು ಜೀಪುಗಳಲ್ಲಿ, ನಿಮ್ಮದೇ ಜಿಲ್ಲೆಯ ಹಳ್ಳಿಗಳಿಗೆ ಹೋಗಿ ಬನ್ನಿ. ಹೋಗುವಾಗ ಒಂದು ಅಳತೆ ಇಟ್ಟುಕೊಳ್ಳಿ: ಒಂದು ದಿನಕ್ಕೆ ಒಂದು ಹೋಬಳಿ. ಅದಕ್ಕಿಂತ ಹೆಚ್ಚು ಬೇಡ.

ಹೋಬಳಿ ಎಂದರೆ ಪಹಣಿಗೋ ಜಾತಿ ಪ್ರಮಾಣಪತ್ರಕ್ಕೋ ನಾಡಕಚೇರಿಗೆ ಹೋದಾಗ ನೆನಪಾಗುವ ಹೆಸರು. ಆದರೆ ಒಂದು ಸೀಮೆಯನ್ನು ನಿಧಾನವಾಗಿ ನೋಡಿ ತಿಳಿಯಲು ಅದಕ್ಕಿಂತ ಒಳ್ಳೆಯ ಅಳತೆ ನನಗೆ ಕಂಡಿಲ್ಲ. ಹತ್ತಿಪ್ಪತ್ತು ಕಿಲೋಮೀಟರಿನೊಳಗೆ ಕೆರೆಗಳು, ಗುಡಿಗಳು, ಒಂದು ಸಂತೆ, ಹೊಲದ ಬದುವಿನಲ್ಲಿ ನಿಂತ ಹತ್ತಾರು ಕಲ್ಲುಗಳು, ಇವನ್ನೆಲ್ಲ ಬಲ್ಲ ಹಿರಿಯರು, ಇಷ್ಟೂ ಅಲ್ಲಿ ಸಿಗುತ್ತವೆ. ಇದನ್ನು ಬಾಯಿಮಾತಿನಲ್ಲಿ ಹೇಳಿದರೆ ಸಾಲದು. ಶಿವಮೊಗ್ಗ ಜಿಲ್ಲೆಯ ಶಿಕಾರಿಪುರ ತಾಲ್ಲೂಕಿನ ತಾಳಗುಂದ ಹೋಬಳಿಯ ಕಡೆಗೆ ನಿಮ್ಮನ್ನು ಕರೆದುಕೊಂಡು ಹೋಗುತ್ತೇನೆ, ಬನ್ನಿ.

ಶಿವಮೊಗ್ಗದಿಂದ ಶಿಕಾರಿಪುರಕ್ಕೆ ಸುಮಾರು ಐವತ್ತು ಕಿಲೋಮೀಟರ್. ಅಲ್ಲಿಂದ ಶಿರಾಳಕೊಪ್ಪಕ್ಕೆ ಇನ್ನೊಂದು ಇಪ್ಪತ್ತು. ಮಲೆನಾಡು ಮುಗಿದು ಬಯಲು ಇನ್ನೂ ಶುರುವಾಗದ ನಡುವಿನ ಸೀಮೆ ಇದು. ಒಂದು ಕಡೆ ಅಡಿಕೆ ತೋಟ, ಇನ್ನೊಂದು ಕಡೆ ಮೆಕ್ಕೆಜೋಳ, ಶುಂಠಿ. ತಗ್ಗಿನಲ್ಲಿ ಭತ್ತದ ಗದ್ದೆ. ಹಿಂದೆ ಈ ಸೀಮೆಗೆ ನಾಗರಖಂಡ ಎಂಬ ಹೆಸರಿತ್ತು. ನಾಗರಖಂಡ ಎಪ್ಪತ್ತು ಎಂದು ಶಾಸನಗಳು ಕರೆಯುತ್ತವೆ. ಅದು ಬನವಾಸಿ ಹನ್ನೆರಡು ಸಾವಿರ ಎಂಬ ದೊಡ್ಡ ನಾಡಿನ ಒಂದು ಭಾಗ. ಈ ದಾರಿಯಲ್ಲಿ ಹೊರಟವರು ನೇರವಾಗಿ ಗುಡಿಯ ಬಾಗಿಲಿಗೆ ಹೋಗಿ ನಿಲ್ಲಬೇಡಿ. ಮೊದಲು ಯಾವುದಾದರೂ ಒಂದು ಕೆರೆಯ ಏರಿಯ ಮೇಲೆ ಗಾಡಿ ನಿಲ್ಲಿಸಿ.

ಹೀಗೆ ತಿರುಗಾಡುವ ನಮ್ಮ ಊರಿನ ಬಳಗದಲ್ಲಿ ಶಾಲೆಯ ಮೇಷ್ಟ್ರಿದ್ದಾರೆ, ಅಡಿಕೆ ಬೆಳೆಗಾರರಿದ್ದಾರೆ, ಬ್ಯಾಂಕಿನಿಂದ ನಿವೃತ್ತರಾದವರಿದ್ದಾರೆ, ಮನೆ ತೂಗಿಸುವ ಅಕ್ಕಂದಿರಿದ್ದಾರೆ, ನೀರಾವರಿ ಕೆಲಸದಲ್ಲಿ ಆಯುಸ್ಸು ಸವೆಸಿದ ಹಿರಿಯರೊಬ್ಬರೂ ಇದ್ದಾರೆ. ಕೆರೆ ಏರಿಯ ಮೇಲೆ ನಿಂತಾಗ ಮಾತು ಆ ಹಿರಿಯರದು. ನೀರಿನೊಳಗೆ ನಿಂತ ಎರಡು ಕಲ್ಲುಕಂಬ ತೋರಿಸಿ, ಅದು ತೂಬು, ಅಲ್ಲಿಂದ ಗದ್ದೆಗೆ ನೀರು ಬಿಡುತ್ತಿದ್ದರು ಎನ್ನುತ್ತಾರೆ. ಏರಿಯ ತುದಿಯಲ್ಲಿ ತಗ್ಗಾದ ಜಾಗ ತೋರಿಸಿ, ಅದು ಕೋಡಿ, ಕೆರೆ ತುಂಬಿದರೆ ಹೆಚ್ಚಿನ ನೀರು ಹರಿದುಹೋಗುವ ಬಾಯಿ, ಅದರಾಚೆ ಹರಿದ ನೀರು ಮುಂದಿನ ಊರಿನ ಕೆರೆಗೆ ಸೇರುತ್ತದೆ ಎನ್ನುತ್ತಾರೆ. ಒಂದು ಕೆರೆಯ ಕೋಡಿ ಇನ್ನೊಂದು ಕೆರೆಯ ಹುಟ್ಟು. ಈ ಸರಣಿಯನ್ನು ಕಣ್ಣಾರೆ ಕಂಡ ಮೇಲೆ ಗುಡಿಗೆ ಹೋದರೆ, ಅಲ್ಲಿನ ಕಲ್ಲಿನ ಬರಹಕ್ಕೆ ಬೇರೆಯೇ ಅರ್ಥ ಬರುತ್ತದೆ.

ತಾಳಗುಂದವನ್ನೇ ನೋಡಿ. ಶಾಸನಗಳಲ್ಲಿ ಇದರ ಹೆಸರು ಸ್ಥಾನಕುಂದೂರು. ಪ್ರಣವೇಶ್ವರ ಗುಡಿಯ ಮುಂದೆ ಒಂದು ಕಲ್ಲಿನ ಕಂಬ ನಿಂತಿದೆ. ಕದಂಬರ ವಂಶದ ಕಥೆಯನ್ನು ನಾವು ತಿಳಿದಿರುವುದು ಬಹುಪಾಲು ಆ ಕಂಬದಿಂದ. ಮಯೂರಶರ್ಮ ತನ್ನ ಗುರು ವೀರಶರ್ಮನ ಜೊತೆ ಕಂಚಿಯ ಘಟಿಕಾಸ್ಥಾನಕ್ಕೆ ಓದಲು ಹೋದದ್ದು, ಅಲ್ಲಿ ಪಲ್ಲವರ ಕುದುರೆ ಸವಾರನ ಜೊತೆ ಜಗಳವಾದದ್ದು, ಅವಮಾನ ತಾಳದೆ ದರ್ಭೆ ಹಿಡಿದ ಕೈಯಲ್ಲಿ ಕತ್ತಿ ಹಿಡಿದದ್ದು, ಕಡೆಗೆ ಪಲ್ಲವರೇ ಅವನನ್ನು ಅರಸನೆಂದು ಒಪ್ಪಿದ್ದು, ಎಲ್ಲ ಅಲ್ಲಿದೆ. ಐದನೆಯ ಶತಮಾನದಲ್ಲಿ, ಕದಂಬ ಅರಸ ಶಾಂತಿವರ್ಮನ ಕಾಲದಲ್ಲಿ, ಕುಬ್ಜ ಎಂಬ ಕವಿ ಸಂಸ್ಕೃತದಲ್ಲಿ ಇದನ್ನು ರಚಿಸಿದ. ಕಲ್ಲಿನ ಮೇಲೆ ತಾನೇ ಬರೆದ ಎಂದೂ ಅದರಲ್ಲಿದೆ.

ಆದರೆ ಬಂಧುಗಳೇ, ಆ ಕಂಬವನ್ನು ನಿಲ್ಲಿಸಿದ್ದು ಏತಕ್ಕೆ ಎಂದು ಕೇಳಿಕೊಳ್ಳಿ. ಯುದ್ಧ ಗೆದ್ದದ್ದಕ್ಕಲ್ಲ, ಪಟ್ಟಾಭಿಷೇಕಕ್ಕಲ್ಲ. ಕದಂಬ ಅರಸ ಕಾಕುಸ್ಥವರ್ಮ ಆ ದೇವಾಲಯದ ಬಳಿ ಒಂದು ಕೆರೆ ಕಟ್ಟಿಸಿದ, ಅದನ್ನು ದಾಖಲಿಸುವುದಕ್ಕೆ. ನಮ್ಮ ನಾಡಿನ ಮೊದಲ ರಾಜವಂಶಗಳಲ್ಲೊಂದರ ಚರಿತ್ರೆ ಒಂದು ಕೆರೆಯ ನೆಪದಲ್ಲಿ ನಮ್ಮ ಕೈಗೆ ಬಂದಿದೆ. ಬೆಳಿಗ್ಗೆ ಕೆರೆ ಏರಿಯ ಮೇಲೆ ನಿಂತು ತೂಬು ಕೋಡಿ ನೋಡಿ ಬಂದವರಿಗೆ ಈ ಮಾತು ಥಟ್ಟನೆ ಮನಸ್ಸಿಗೆ ಇಳಿಯುತ್ತದೆ. ಹಂಪಿಯಿಂದ ಹೊರಟು ಬೇರೆಲ್ಲಿಗೋ ಹೋಗುವ ದಾರಿಯಲ್ಲಿ ಹತ್ತು ನಿಮಿಷ ಇಳಿದು ಹೋಗುವವರಿಗೆ ಅದು ಬರಿಯ ಕಂಬವಾಗಿ ಉಳಿಯುತ್ತದೆ. ಒಂದು ದಿನಕ್ಕೆ ಒಂದೇ ಹೋಬಳಿ ಎಂದು ನಾನು ಹಟ ಹಿಡಿಯುವುದು ಇದಕ್ಕೇ.

ಅದೇ ಗುಡಿಯ ಆವರಣದಲ್ಲಿ 2013ರಲ್ಲಿ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ಉತ್ಖನನ ನಡೆದಾಗ, ಮೆಟ್ಟಿಲ ಪಕ್ಕದ ಸಿಂಹದ ಆಕಾರದ ಕಟಾಂಜನದ ಮೇಲೆ ಒಂದು ಕನ್ನಡ ಶಾಸನ ದೊರೆಯಿತು. ಅದು ಕ್ರಿ.ಶ. 370ರ ಸುಮಾರಿನದು ಎಂದು ಇಲಾಖೆ ಹೇಳಿದೆ. ಹಾಗೆಂದರೆ ಅತಿ ಹಳೆಯ ಕನ್ನಡ ಶಾಸನ ಎನಿಸಿದ್ದ ಹಾಸನ ಜಿಲ್ಲೆಯ ಹಲ್ಮಿಡಿ ಶಾಸನಕ್ಕಿಂತ ಹಿಂದಿನದು. ಕಾಲದ ವಿಚಾರದಲ್ಲಿ ವಿದ್ವಾಂಸರ ಚರ್ಚೆ ನಡೆದೇ ಇದೆ, ನಡೆಯಲಿ. ನಮ್ಮ ನುಡಿಯ ಅತಿ ಹಳೆಯ ಅಕ್ಷರಗಳ ಬಗ್ಗೆ ಪಂಡಿತರು ವಾದ ಮಾಡುತ್ತಿರುವುದು ನಮ್ಮ ಮನೆಯಿಂದ ಒಂದೂವರೆ ಗಂಟೆಯ ದಾರಿಯ ಹಳ್ಳಿಯೊಂದರ ಬಗ್ಗೆ ಎಂದು ತಿಳಿದಾಗ, ನಮ್ಮ ಜೊತೆ ಬಂದಿದ್ದ ಕಾಲೇಜು ಹುಡುಗಿಯರ ಮುಖದಲ್ಲಿ ಮೂಡಿದ ಹೆಮ್ಮೆಯನ್ನು ನಾನು ಕಂಡಿದ್ದೇನೆ.

ತಾಳಗುಂದದಿಂದ ಬಳ್ಳಿಗಾವಿ ಕೂಗಳತೆ ಅಲ್ಲದಿದ್ದರೂ ಹತ್ತಿರವೇ. ಹನ್ನೊಂದು ಹನ್ನೆರಡನೆಯ ಶತಮಾನದಲ್ಲಿ ಇದು ಬನವಾಸಿ ನಾಡಿನ ರಾಜಧಾನಿ. ಇಲ್ಲಿ ಶೈವ ಮಠಗಳಿದ್ದವು, ವೈಷ್ಣವ ಗುಡಿಗಳಿದ್ದವು, ಜೈನ ಬಸದಿಗಳಿದ್ದವು, ಬೌದ್ಧ ವಿಹಾರವೂ ಇತ್ತು. 1065ರಲ್ಲಿ ಚಾಲುಕ್ಯ ಆಹವಮಲ್ಲ ಸೋಮೇಶ್ವರನ ಮಂತ್ರಿ ರೂಪಭಟ್ಟಯ್ಯ ಇಲ್ಲಿ ಬೌದ್ಧ ವಿಹಾರ ಕಟ್ಟಿಸಿದ ದಾಖಲೆ ಇದೆ. ಅಲ್ಲಮಪ್ರಭುವಿನ ಊರು ಇದೇ ಎಂದು ಪರಂಪರೆ ಹೇಳುತ್ತದೆ. ಅಕ್ಕಮಹಾದೇವಿಯ ಉಡುತಡಿಯೂ ಇದೇ ತಾಲ್ಲೂಕಿನಲ್ಲಿದೆ.

ಬಳ್ಳಿಗಾವಿಯ ಕೇದಾರೇಶ್ವರ ಗುಡಿಗೆ ಸೇರಿದ್ದ ಮಠದ ಹೆಸರು ಕೋಡಿಯ ಮಠ. ಕೆರೆಯ ಕೋಡಿಯ ಹತ್ತಿರ ಇದ್ದುದರಿಂದ ಆ ಹೆಸರು. ಮತ್ತೆ ನೋಡಿ, ಕೆರೆಯೇ ನಮ್ಮನ್ನು ದಾರಿ ಹಿಡಿಸಿ ಕರೆದುಕೊಂಡು ಬಂತು. ಕಳಚುರಿ ಬಿಜ್ಜಳನ ಕಾಲದ 1162ರ ಶಾಸನ ಈ ಮಠವನ್ನು ಬಣ್ಣಿಸುತ್ತದೆ. ಅಲ್ಲಿ ವೇದ ಓದುತ್ತಿದ್ದರು. ಹಲವು ಬಗೆಯ ವ್ಯಾಕರಣಗಳನ್ನೂ, ನ್ಯಾಯ ವೈಶೇಷಿಕಾದಿ ದರ್ಶನಗಳನ್ನೂ, ಕಾವ್ಯ ನಾಟಕಗಳನ್ನೂ ಕಲಿಸುತ್ತಿದ್ದರು. ಅಷ್ಟೇ ಆಗಿದ್ದರೆ ದೊಡ್ಡ ಪಾಠಶಾಲೆ ಎನ್ನಬಹುದಿತ್ತು. ಮುಂದೆ ಓದಿದರೆ, ದೀನರಿಗೆ, ಕುರುಡರಿಗೆ, ಕುಂಟರಿಗೆ, ಕಿವುಡರಿಗೆ, ಹಾಡುವವರಿಗೆ, ಕಥೆ ಹೇಳುವವರಿಗೆ ಅಲ್ಲಿ ಅನ್ನ ಸಿಗುತ್ತಿತ್ತು, ರೋಗಿಗಳಿಗೆ ಔಷಧೋಪಚಾರವಿತ್ತು ಎಂದಿದೆ. ಎಂಟುನೂರ ಅರವತ್ತು ವರ್ಷದ ಹಿಂದೆ ಕನ್ನಡದ ಒಂದು ಊರು ತನ್ನ ಕೈಲಾಗದವರನ್ನು ಹೀಗೆ ನೋಡಿಕೊಂಡಿತ್ತು. ಆ ಜಾಗದಲ್ಲಿ ನಿಂತು ಈ ಸಾಲುಗಳ ಸಾರವನ್ನು ಯಾರಾದರೂ ಗಟ್ಟಿಯಾಗಿ ಹೇಳಬೇಕು. ನಿಮ್ಮ ಸಂಘದ ಸೇವಾ ಕಾರ್ಯಕ್ಕೆ ಅದಕ್ಕಿಂತ ದೊಡ್ಡ ಪ್ರೇರಣೆ ಬೇಕಿಲ್ಲ.

ಬಳ್ಳಿಗಾವಿಯಲ್ಲಿ ಇನ್ನೂ ಒಂದೆರಡು ನೋಟ ತಪ್ಪಿಸಬೇಡಿ. ಒಂದು, ಚಾಮುಂಡರಾಯರಸ 1047ರಲ್ಲಿ ನಿಲ್ಲಿಸಿದ ಎತ್ತರದ ಭೇರುಂಡ ಕಂಬ. ಇಲ್ಲಿನ ಗಂಡಭೇರುಂಡದ ಮೈ ಮನುಷ್ಯನದು, ಎರಡು ತಲೆಗಳು ಹಕ್ಕಿಯವು. ಇವತ್ತು ಕರ್ನಾಟಕ ಸರ್ಕಾರದ ಲಾಂಛನದಲ್ಲಿ ಕಾಣುವ ಗಂಡಭೇರುಂಡ ಅಷ್ಟು ಹಿಂದೆಯೇ ಇಲ್ಲಿ ನಿಂತಿತ್ತು. ಇನ್ನೊಂದು, ಈ ಊರಿನ ಶಿಲ್ಪಿಗಳ ಕಥೆ. ಬೇಲೂರಿನ ಚೆನ್ನಕೇಶವ ಗುಡಿಯ ಮದನಿಕೆಯರ ಪೀಠದ ಮೇಲೆ ಶಿಲ್ಪಿಗಳ ಹೆಸರುಗಳಿವೆ. ಅವರಲ್ಲಿ ದಾಸೋಜ ಎಂಬವನು ಬಳ್ಳಿಗಾವಿಯವನು. ಅವನ ಮಗ ಚಾವಣನೂ ಅಲ್ಲಿ ಕೆಲಸ ಮಾಡಿದ. ನಾವು ನೂರಾರು ಮೈಲಿ ಹೋಗಿ ಬೆರಗಾಗುವ ಶಿಲ್ಪಗಳಲ್ಲಿ ಕೆಲವನ್ನು ಕಡೆದ ಕೈ ಈ ಹೋಬಳಿಯದು.

ಈಗ ಒಂದು ಮಾತು. ದೊಡ್ಡ ಗುಡಿಗಳ ಮುಂದೆ ಇಲಾಖೆಯ ಫಲಕವಿದೆ, ಬೇಲಿಯಿದೆ. ಆದರೆ ಹಳ್ಳಿಯ ಚರಿತ್ರೆ ಹೆಚ್ಚಾಗಿ ಇರುವುದು ಫಲಕವಿಲ್ಲದ ಕಡೆ, ಬಸ್ಸು ನಿಲ್ಲದ ಕಡೆ. ಸ್ವಂತ ಗಾಡಿಯ ಉಪಯೋಗ ಇಲ್ಲಿದೆ. ಹೊಲದ ಬದುವಿನಲ್ಲಿ, ಆಲದ ಕಟ್ಟೆಯ ಕೆಳಗೆ, ಹನುಮಪ್ಪನ ಗುಡಿಯ ಹಿಂದೆ ವೀರಗಲ್ಲುಗಳು ನಿಂತಿರುತ್ತವೆ. ಅವನ್ನು ಓದಲು ಲಿಪಿ ಗೊತ್ತಿರಬೇಕಿಲ್ಲ. ಕೆಳಗಿನಿಂದ ಮೇಲಕ್ಕೆ ನೋಡಬೇಕು. ಕೆಳಗಿನ ಪಟ್ಟಿಕೆಯಲ್ಲಿ ಕಾಳಗ. ದನಗಳು ಕಂಡರೆ ಅದು ತುರುಗೋಳು, ಊರಿನ ದನ ಹೊಡೆದುಕೊಂಡು ಹೋದವರನ್ನು ಅಟ್ಟಿ ಸತ್ತವನ ಕಲ್ಲು. ನಡುವಿನ ಪಟ್ಟಿಕೆಯಲ್ಲಿ ವೀರನನ್ನು ಅಪ್ಸರೆಯರು ಕರೆದೊಯ್ಯುತ್ತಾರೆ. ಮೇಲಿನದರಲ್ಲಿ ಅವನು ಲಿಂಗದ ಸನ್ನಿಧಿಯಲ್ಲಿದ್ದಾನೆ. ಬಳೆ ತೊಟ್ಟ, ಮೇಲೆತ್ತಿದ ಒಂದು ಕೈ ಇದ್ದರೆ ಅದು ಮಾಸ್ತಿಗಲ್ಲು, ಸತಿ ಹೋದವಳ ನೆನಪಿನ ಕಲ್ಲು. ಸಲ್ಲೇಖನ, ಅಂದರೆ ಉಪವಾಸವ್ರತ, ಮಾಡಿ ದೇಹ ಬಿಟ್ಟ ಜೈನರ ನೆನಪಿಗೆ ನಿಲ್ಲಿಸಿದ್ದು ನಿಸಿಧಿಗಲ್ಲು. ಇಷ್ಟು ತಿಳಿದರೆ ಸಂಘದ ಮಕ್ಕಳೂ ಕಲ್ಲಿನ ಮುಂದೆ ನಿಂತು ಕಥೆ ಹೇಳುತ್ತಾರೆ. ಅರಸರ ಹೆಸರನ್ನು ಕಂಬಗಳು ಕಾಪಾಡಿವೆ. ದನಕ್ಕಾಗಿ ಪ್ರಾಣ ಕೊಟ್ಟ ಹಳ್ಳಿಯವನ ನೆನಪನ್ನು ಈ ಕಲ್ಲುಗಳು ಕಾಪಾಡಿವೆ.

ಇಂಥ ಕಲ್ಲು ಎಲ್ಲಿದೆ ಎಂದು ಹೇಳುವವರು ಊರಿನವರೇ. ಬಿ.ಎಲ್. ರೈಸ್ ಅವರ ಉದಾಹರಣೆ ನಮಗೆ ದೊಡ್ಡದು. ಅವರು ಮೈಸೂರು ಸಂಸ್ಥಾನದ ಶಿಕ್ಷಣ ಇಲಾಖೆಯಲ್ಲಿದ್ದವರು. ಶಾಲೆಗಳ ತಪಾಸಣೆಗೆ ಹಳ್ಳಿಹಳ್ಳಿ ತಿರುಗುವಾಗ ಕಲ್ಲುಗಳ ಪರಿಚಯವಾಯಿತು, ಬಳಿಕ ಅದೇ ಅವರ ಬಾಳಿನ ಕೆಲಸವಾಯಿತು. ಎಪಿಗ್ರಾಫಿಯಾ ಕರ್ನಾಟಿಕಾದ ಹನ್ನೆರಡು ಸಂಪುಟಗಳಲ್ಲಿ ಸುಮಾರು ಒಂಬತ್ತು ಸಾವಿರ ಶಾಸನಗಳನ್ನು ಅವರು ಹೊರತಂದರು. ಶಿಕಾರಿಪುರ ತಾಲ್ಲೂಕಿನ ಶಾಸನಗಳು 1902ರಲ್ಲಿ ಬಂದ ಏಳನೆಯ ಸಂಪುಟದಲ್ಲಿವೆ. ಆ ಪುಸ್ತಕದಲ್ಲಿ ಊರಿನ ಹೆಸರಿನ ಕೆಳಗೆ, ಯಾವ ಗುಡಿಯ ಯಾವ ದಿಕ್ಕಿಗೆ ಕಲ್ಲಿದೆ ಎಂದು ಬರೆದಿದೆ. ನೂರಿಪ್ಪತ್ತು ವರ್ಷದ ಮೇಲೂ ಆ ಗುರುತು ಹಿಡಿದು ಹೋಗಿ ಕಲ್ಲನ್ನು ಕಾಣಬಹುದು. ಎಲ್ಲೋ ಒಂದು ಕಡೆ ಕಲ್ಲು ಕಾಣದಿದ್ದರೆ, ಕಟ್ಟೆಯ ಮೇಲೆ ಕೂತ ಅಜ್ಜನನ್ನು ಕೇಳಿ. "ಅಯ್ಯೋ ಅದಾ, ಗೌಡ್ರ ಕಣದಾಗೈತಿ, ಬರ್ರಿ ತೋರಿಸ್ತೀನಿ" ಎಂದು ಎದ್ದೇ ಬಿಡುತ್ತಾರೆ. ಹಾಗೆ ಬಂದವರು ನಮ್ಮ ಬಳಗಕ್ಕೆ ಕಲಿಸಿದ್ದು ಬಹಳ.

ಎರಡನೆಯ ದಿನಕ್ಕೆ ಬೇರೆ ದಾರಿ ಹಿಡಿಯಿರಿ. ಇದೇ ತಾಲ್ಲೂಕಿನ ಮಳವಳ್ಳಿಯ ಕಂಬದ ಮೇಲೆ ಕದಂಬರಿಗೂ ಹಿಂದಿನ ಸಾತಕರ್ಣಿಯ ಪ್ರಾಕೃತ ಬರಹವಿದೆ, ಅದರ ಕೆಳಗೆ ಕದಂಬ ಅರಸನ ಬರಹವೂ ಇದೆ. ಒಂದು ವಂಶ ಹೋಗಿ ಇನ್ನೊಂದು ಬಂದರೂ ಕಂಬ ಒಂದೇ, ದೇವರು ಒಂದೇ. ಬಂದಳಿಕೆಯಲ್ಲಿ ಗುಡಿ ಬಸದಿಗಳು ಗಿಡಮರಗಳ ನಡುವೆ ಹರಡಿಕೊಂಡಿವೆ. ಸೋಮೇಶ್ವರ ಗುಡಿಯ ಬಾಗಿಲ ಇಕ್ಕೆಲದ ಕಲ್ಲಿನ ಜಾಲಂಧ್ರಗಳಲ್ಲಿ ರಾಮಾಯಣ, ಮಹಾಭಾರತಗಳ ಕೆತ್ತನೆಯಿದೆ. ಮಹಿಳಾ ಸಮಾಜದವರು ಇಲ್ಲಿ ಜಕ್ಕಿಯಬ್ಬೆಯ ಹೆಸರನ್ನು ಮರೆಯದೆ ನೆನೆಯಬೇಕು. ಹತ್ತನೆಯ ಶತಮಾನದ ಆರಂಭದಲ್ಲಿ, ರಾಷ್ಟ್ರಕೂಟರ ಕಾಲದಲ್ಲಿ, ನಾಗರಖಂಡ ಎಪ್ಪತ್ತರ ನಾಳ್ಗಾವುಂಡನಾಗಿದ್ದ ಗಂಡ ತೀರಿಕೊಂಡಾಗ ಆ ಅಧಿಕಾರ ಆಕೆಗೆ ಬಂತು. ಆಕೆ ನಾಡನ್ನು ಸಮರ್ಥವಾಗಿ ಆಳಿದಳು ಎಂದು ಶಾಸನ ಹೊಗಳುತ್ತದೆ. ಕಾಯಿಲೆ ಬಿದ್ದಾಗ ಅಧಿಕಾರವನ್ನು ಮಗಳಿಗೆ ಒಪ್ಪಿಸಿ, ಬಂದಳಿಕೆಯ ಬಸದಿಗೆ ಬಂದು ಸಲ್ಲೇಖನದಿಂದ ಪ್ರಾಣ ಬಿಟ್ಟಳು. ತಾಯಿಯಿಂದ ಮಗಳಿಗೆ ಬಂದ ಅಧಿಕಾರ! ಇಂಥ ಹೆಂಗಸಿನ ಹೆಸರು ನಮ್ಮ ಜಿಲ್ಲೆಯ ಪ್ರತಿ ಹೆಣ್ಣುಮಗುವಿಗೂ ಗೊತ್ತಿರಬೇಕು.

ಮೂರನೆಯ ದಿನ ಈಸೂರು. ಅಲ್ಲಿ ನೋಡಲು ಕೆತ್ತನೆಯಿಲ್ಲ, ಕೇಳಲು ಕಥೆಯಿದೆ. 1942ರ ಕ್ವಿಟ್ ಇಂಡಿಯಾ ಚಳವಳಿಯಲ್ಲಿ ಈ ಹಳ್ಳಿ ತಾನು ಸ್ವತಂತ್ರ ಎಂದು ಸಾರಿತು. ಇಬ್ಬರು ಹುಡುಗರನ್ನು ಅಮಲ್ದಾರ, ಸಬ್ ಇನ್‌ಸ್ಪೆಕ್ಟರ್ ಎಂದು ಊರವರು ನೇಮಿಸಿದರು. ಸಂಘರ್ಷದಲ್ಲಿ ಇಬ್ಬರು ಅಧಿಕಾರಿಗಳು ಸತ್ತರು, ಊರು ಪೊಲೀಸರ ಕೈಯಲ್ಲಿ ನಲುಗಿತು, 1943ರ ಮಾರ್ಚಿನಲ್ಲಿ ಈಸೂರಿನ ಐವರು ಗಲ್ಲಿಗೇರಿದರು. ಸ್ಮಾರಕದ ಮುಂದೆ ಫೋಟೋ ತೆಗೆದುಕೊಂಡು ಹೊರಟುಬಿಡಬೇಡಿ. ಗಲ್ಲಿಗೇರಿದವರ ಮನೆತನಗಳ ಹಿರಿಯರ ಜೊತೆ ಕೂತು ಮಾತಾಡಿ. ಸತ್ತವರೆಲ್ಲರ ದುಃಖವೂ ಆ ಮಾತಿನಲ್ಲಿರುತ್ತದೆ, ಸ್ವಾತಂತ್ರ್ಯದ ಬೆಲೆಯೂ ಇರುತ್ತದೆ.

ಇಂಥ ತಿರುಗಾಟಕ್ಕೆ ಸಿದ್ಧತೆ ಹೇಗಿರಬೇಕು? ನಮ್ಮ ಬಳಗದ ಅನುಭವದಿಂದ ನಾಲ್ಕು ಮಾತು ಹೇಳುತ್ತೇನೆ. ಇಪ್ಪತ್ತಕ್ಕಿಂತ ಹೆಚ್ಚು ಜನ ಬೇಡ. ಕಂಬದ ಸುತ್ತ ನಿಂತರೆ ಎಲ್ಲರಿಗೂ ಮಾತು ಕೇಳಿಸಬೇಕು. ನಾಲ್ಕೈದು ಕಾರು ಇಲ್ಲವೇ ಒಂದು ಟೆಂಪೋ ಟ್ರಾವೆಲರ್ ಸಾಕು, ಡೀಸೆಲ್ ಖರ್ಚು ಸಮನಾಗಿ ಹಂಚಿಕೊಳ್ಳಿ. ಹೊರಡುವ ಒಂದು ವಾರ ಮೊದಲೇ ಸೇರಿ, ಒಂದೊಂದು ಜಾಗವನ್ನು ಒಬ್ಬೊಬ್ಬರಿಗೆ ಒಪ್ಪಿಸಿ. ಓದಿಕೊಂಡು ಬಂದು ಅಲ್ಲಿ ಮಾತಾಡುವುದು ಅವರ ಹೊಣೆ. ಎಲ್ಲವನ್ನೂ ಒಬ್ಬ ಪಂಡಿತರೇ ಹೇಳಿದರೆ ಉಳಿದವರು ಬರಿಯ ಕೇಳುಗರಾಗುತ್ತಾರೆ. ಬೆಳೆಗಾರರು ಬೆಳೆಯ ಬಗ್ಗೆ, ಅಕ್ಕಂದಿರು ಕೆತ್ತನೆಯಲ್ಲಿ ಕಾಣುವ ಒಡವೆ ಉಡುಗೆಗಳ ಬಗ್ಗೆ ಹೇಳುವ ಮಾತು ಪುಸ್ತಕದಲ್ಲಿ ಸಿಗುವುದಿಲ್ಲ.

ಹೆಣ್ಣುಮಕ್ಕಳಿಗೆ ಶೌಚಾಲಯದ ಅನುಕೂಲವನ್ನು ಮೊದಲೇ ನೋಡಿ. ಊರಿನ ಶಾಲೆಗೋ ಪಂಚಾಯಿತಿಗೋ ಫೋನು ಮಾಡಿದರೆ ಬಾಗಿಲು ತೆಗೆದುಕೊಡುತ್ತಾರೆ. ಮಧ್ಯಾಹ್ನದ ಊಟವನ್ನು ಅದೇ ಊರಿನ ಸ್ತ್ರೀಶಕ್ತಿ ಸಂಘದವರಿಗೆ ಒಪ್ಪಿಸಿ, ಸರಿಯಾದ ಹಣ ಕೊಡಿ. ರೊಟ್ಟಿ, ಪಲ್ಯ, ಅನ್ನ, ಸಾರು, ಮಜ್ಜಿಗೆ ಅಲ್ಲಿಯದೇ ಆಗಲಿ. ಸುಗ್ಗಿಯಲ್ಲಿ ರಸ್ತೆಯ ಮೇಲೆ ಮೆಕ್ಕೆಜೋಳ ಹರವಿರುತ್ತಾರೆ. ಅವಸರ ಮಾಡದೆ ಪಕ್ಕದಲ್ಲಿ ನಿಧಾನವಾಗಿ ಹೋಗಿ. ಅಕ್ಷರ ಕಾಣಲೆಂದು ಕಲ್ಲಿಗೆ ಎಣ್ಣೆ, ಹಿಟ್ಟು, ಸೀಮೆಸುಣ್ಣ ಬಳಿಯಬೇಡಿ. ಬೆಳಗಿನ ಅಥವಾ ಸಂಜೆಯ ಓರೆ ಬಿಸಿಲಿನಲ್ಲಿ ನೋಡಿ, ಇಲ್ಲದಿದ್ದರೆ ಟಾರ್ಚನ್ನು ಪಕ್ಕದಿಂದ ಹಿಡಿಯಿರಿ. ಸವೆದ ಅಕ್ಷರವೂ ಎದ್ದು ಕಾಣುತ್ತದೆ.

ಇದು ಒಂದು ತಾಲ್ಲೂಕಿನ ಮಾತಾಯಿತು. ರಾಯಚೂರು ಜಿಲ್ಲೆಯವರಿಗೆ ಅಶೋಕನ ಹೆಸರನ್ನೇ ಹೊತ್ತ ಮಸ್ಕಿಯ ಬಂಡೆ ಇದೆ. ಅದು ಬೆಳಕಿಗೆ ಬಂದದ್ದು 1915ರಲ್ಲಿ. ಕೊಪ್ಪಳದವರಿಗೆ ಗವಿಮಠ, ಪಾಲ್ಕಿಗುಂಡಿನ ಅಶೋಕನ ಶಾಸನದ ಬಂಡೆಗಳಿವೆ. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ, ಹಂದಿಯ ಜೊತೆ ಹೋರಾಡಿ ಸತ್ತ ಕಾಳಿ ಎಂಬ ನಾಯಿಗೆ ಹತ್ತನೆಯ ಶತಮಾನದಲ್ಲಿ ಕಲ್ಲು ನಿಲ್ಲಿಸಿದ್ದರು. ಕಲ್ಲು ಈಗ ಬೆಂಗಳೂರಿನ ವಸ್ತುಸಂಗ್ರಹಾಲಯದಲ್ಲಿದೆ, ಊರು ಅಲ್ಲೇ ಇದೆ. ಹುಡುಕಿದರೆ ಕಥೆಯಿಲ್ಲದ ಹೋಬಳಿ ಕರ್ನಾಟಕದಲ್ಲಿ ಇಲ್ಲ.

ಕಡೆಯದಾಗಿ ಒಂದು ಕೋರಿಕೆ. ಹೋಗಿ ಬಂದ ಮೇಲೆ ಕಂಡದ್ದನ್ನು ಒಂದು ಪುಸ್ತಕದಲ್ಲಿ ಬರೆದಿಡಿ: ಯಾವ ಊರು, ಯಾವ ಕಲ್ಲು, ಯಾರ ಹೊಲ, ಈಗ ಹೇಗಿದೆ. ಅದರ ಒಂದು ಪ್ರತಿಯನ್ನು ಆ ಊರಿನ ಶಾಲೆಗೆ ಕೊಡಿ. ಕಲ್ಲು ಬಿದ್ದಿದ್ದರೆ, ಮುರಿದಿದ್ದರೆ, ಹಿಂದಿನ ವರ್ಷ ಇದ್ದದ್ದು ಈ ವರ್ಷ ಕಾಣದಿದ್ದರೆ, ರಾಜ್ಯದ ಪುರಾತತ್ವ ಇಲಾಖೆಗೆ ಒಂದು ಪತ್ರ ಬರೆಯಿರಿ, ಪಂಚಾಯಿತಿಗೂ ತಿಳಿಸಿ. ರಸ್ತೆ ಅಗಲವಾಗುವಾಗ, ಹೊಲ ಸಮ ಮಾಡುವಾಗ, ನಿಧಿಯ ಆಸೆಗೆ ಬಿದ್ದವರು ಗುಡಿ ಅಗೆಯುವಾಗ, ಬರೆದಿಟ್ಟ ಊರಿನ ಕಲ್ಲುಗಳ ಪರವಾಗಿ ಕೇಳುವವರು ಇರುತ್ತಾರೆ. ಸರ್ಕಾರದ ಇಲಾಖೆ ಪ್ರತಿ ಬದುವಿಗೂ ಕಾವಲುಗಾರನನ್ನು ಇಡಲಾರದು. ವರ್ಷಕ್ಕೊಮ್ಮೆ ಬಂದು ನೋಡಿಹೋಗುವ ಇಪ್ಪತ್ತು ಜನ, ಅವರ ಮಾತು ಕೇಳಿದ ಶಾಲೆಯ ಮಕ್ಕಳು ಆ ಕಾವಲು ಕಾಯಬಲ್ಲರು.

ಈ ಚಳಿಗಾಲದಲ್ಲಿ ನಿಮ್ಮ ಸಂಘದ ಮುಂದಿನ ಸಭೆಯಲ್ಲಿ ಜಿಲ್ಲೆಯ ನಕ್ಷೆ ಹಾಸಿ. ನಿಮ್ಮಲ್ಲಿ ಯಾರೂ ಇಳಿದು ನೋಡದ ಒಂದು ಹೋಬಳಿಯ ಮೇಲೆ ಬೆರಳಿಡಿ. ದಿನ ಗೊತ್ತು ಮಾಡಿ, ಹೊರಡಿ.